ಮೇಜಿನ ಖಾನೆಯಲ್ಲೇ ಉಳಿದ ತಿದ್ದುಪಡಿ: ಲೂಯಿಸಿಯಾನಾ ಖರೀದಿ, 1803

ಜಮೀನು ಕೊಳ್ಳಲು ಹೊರಟವರು ಮೊದಲು ಕಾಗದಪತ್ರ ತರಿಸಿ ನೋಡುತ್ತಾರೆ. ಮಾರುವವನ ಹೆಸರಲ್ಲಿ ಖಾತೆ ಇದೆಯೇ? ಚಕ್ಕುಬಂದಿ ಸರಿಯಾಗಿದೆಯೇ? ಕೊಳ್ಳುವವರು ಟ್ರಸ್ಟೋ ಸಂಘವೋ ಆಗಿದ್ದರೆ ಇನ್ನೂ ಒಂದು ಪ್ರಶ್ನೆ: ಆಸ್ತಿ ಕೊಳ್ಳುವ ಅಧಿಕಾರ ಅದರ ಬೈಲಾದಲ್ಲಿ ಇದೆಯೇ? 1803ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಫ್ರಾನ್ಸಿನಿಂದ ಲೂಯಿಸಿಯಾನಾವನ್ನು ಕೊಂಡಾಗ ಈ ಮೂರರಲ್ಲಿ ಒಂದಕ್ಕೂ ನೇರ ಉತ್ತರ ಇರಲಿಲ್ಲ. ಆದರೂ ಕ್ರಯ ನಡೆಯಿತು. ಸುಮಾರು 8,28,000 ಚದರ ಮೈಲಿ, ಅಂದರೆ ಹನ್ನೊಂದು ಕರ್ನಾಟಕದಷ್ಟು ನೆಲ, ಒಂದೂವರೆ ಕೋಟಿ ಡಾಲರಿಗೆ. ಎಕರೆಗೆ ಮೂರು ಸೆಂಟೂ ಬೀಳಲಿಲ್ಲ.

ಇದನ್ನು ಸಾಮಾನ್ಯವಾಗಿ ಅಗ್ಗದ ವ್ಯಾಪಾರದ ಕತೆಯಾಗಿ ಹೇಳುತ್ತಾರೆ. ನನಗೆ ಕುತೂಹಲ ಬೈಲಾದ ಪ್ರಶ್ನೆಯಲ್ಲಿ. ಅಧ್ಯಕ್ಷ ಥಾಮಸ್ ಜೆಫರ್ಸನ್ ಆ ಪ್ರಶ್ನೆಯನ್ನು ತಾನೇ ಎತ್ತಿದ, ಉತ್ತರವಾಗಿ ಸಂವಿಧಾನ ತಿದ್ದುಪಡಿಯ ಕರಡನ್ನೂ ತಾನೇ ಬರೆದ, ಕೊನೆಗೆ ಅದನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಮಂಡಿಸದೆ ಬಿಟ್ಟ. ಯಾಕೆ ಬಿಟ್ಟ, ಬಿಟ್ಟದ್ದರಿಂದ ಏನಾಯಿತು ಎನ್ನುವುದೇ ಈ ಪ್ರಕರಣ.

ನದಿಯ ಬಾಯಲ್ಲಿ ಕುಳಿತವನು

ಜಗಳ ಶುರುವಾದದ್ದು ಭೂವಿಸ್ತಾರದ ಆಸೆಯಿಂದಲ್ಲ, ಹಿಟ್ಟು ಮತ್ತು ಹೊಗೆಸೊಪ್ಪಿನಿಂದ. ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ, ಕೆಂಟಕಿ, ಟೆನೆಸೀ, ಒಹಾಯೊ ಕಡೆ ನೆಲೆಸಿದ ರೈತರಿಗೆ ಬೆಟ್ಟ ಹತ್ತಿಸಿ ಪೂರ್ವದ ಬಂದರುಗಳಿಗೆ ಸರಕು ಸಾಗಿಸುವುದು ಗಿಟ್ಟುತ್ತಿರಲಿಲ್ಲ. ಹಿಟ್ಟಿನ ಪೀಪಾಯಿ, ಉಪ್ಪು ಹಾಕಿದ ಹಂದಿಮಾಂಸ, ವಿಸ್ಕಿ, ಹೊಗೆಸೊಪ್ಪು ಎಲ್ಲವನ್ನೂ ಚಪ್ಪಟೆ ತಳದ ದೋಣಿಗೆ ತುಂಬಿ ಒಹಾಯೊ ನದಿಗೆ ಬಿಡುತ್ತಿದ್ದರು. ಹರಿವಿನ ಜೊತೆ ತೇಲಿ ಮಿಸಿಸಿಪ್ಪಿ ಸೇರಿ ನ್ಯೂ ಓರ್ಲಿಯನ್ಸ್ ತಲುಪಿದರೆ ಅಲ್ಲಿಂದ ಸಮುದ್ರದ ಹಡಗು. ದೋಣಿಗೆ ಮರಳುವ ದಾರಿಯೇ ಇಲ್ಲ. ಅದನ್ನು ಅಲ್ಲೇ ಒಡೆದು ಹಲಗೆಯ ಲೆಕ್ಕದಲ್ಲಿ ಮಾರಿ, ರೈತರು ನ್ಯಾಚೆಜ್ ಕಾಡುದಾರಿ ಹಿಡಿದು ನಡೆದೇ ಊರಿಗೆ ಹೋಗುತ್ತಿದ್ದರು.

ಈ ಏರ್ಪಾಟಿಗೆ ಒಂದು ಗೋದಾಮಿನ ಹಕ್ಕು ಪ್ರಾಣದಂತಿತ್ತು. ನ್ಯೂ ಓರ್ಲಿಯನ್ಸ್ ಆಗ ಸ್ಪೇನಿನ ಕೈಯಲ್ಲಿತ್ತು. 1795ರ ಒಪ್ಪಂದದಲ್ಲಿ ಸ್ಪೇನ್ ಅಮೆರಿಕನ್ನರಿಗೆ ನದಿಯಲ್ಲಿ ಸಂಚರಿಸಲು, ನ್ಯೂ ಓರ್ಲಿಯನ್ಸಿನಲ್ಲಿ ಸುಂಕವಿಲ್ಲದೆ ಸರಕು ಇಳಿಸಿಟ್ಟು ಹಡಗಿಗೆ ಏರಿಸಲು ಅವಕಾಶ ಕೊಟ್ಟಿತ್ತು. 1802ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಪ್ಯಾನಿಷ್ ಅಧಿಕಾರಿ ಹುವಾನ್ ವೆಂತುರಾ ಮೊರಾಲೆಸ್ ಈ ಹಕ್ಕನ್ನು ನಿಲ್ಲಿಸಿದ. ಪಶ್ಚಿಮದ ರೈತರು ಕೋವಿಗೆ ಕೈ ಹಾಕುವ ಮಾತಾಡತೊಡಗಿದರು.

ಅದಕ್ಕಿಂತ ದೊಡ್ಡ ಚಿಂತೆ ಆ ಹೊತ್ತಿಗಾಗಲೇ ವಾಷಿಂಗ್ಟನ್ನಿಗೆ ತಟ್ಟಿತ್ತು. 1800ರ ಅಕ್ಟೋಬರಿನ ಸ್ಯಾನ್ ಇಲ್ಡೆಫಾನ್ಸೋ ರಹಸ್ಯ ಒಪ್ಪಂದದಲ್ಲಿ ಸ್ಪೇನ್ ಲೂಯಿಸಿಯಾನಾವನ್ನು ಫ್ರಾನ್ಸಿಗೆ ಮರಳಿಸಲು ಒಪ್ಪಿತ್ತು. ಬಡಕಲಾದ ಸ್ಪೇನ್ ನೆರೆಯಲ್ಲಿದ್ದರೆ ಹೇಗೋ ಸಂಭಾಳಿಸಬಹುದು, ನೆಪೋಲಿಯನ್ ಬಂದು ಕೂತರೆ? ಜೆಫರ್ಸನ್ 1802ರ ಏಪ್ರಿಲ್ 18ರಂದು ಪ್ಯಾರಿಸಿನಲ್ಲಿದ್ದ ರಾಯಭಾರಿ ರಾಬರ್ಟ್ ಲಿವಿಂಗ್‌ಸ್ಟನ್‌ಗೆ ಬರೆದ ಪತ್ರದ ಸಾರ ಇಷ್ಟು: ಭೂಮಿಯ ಮೇಲೆ ಒಂದೇ ಒಂದು ಜಾಗ ಇದೆ, ಅದು ಯಾರ ಕೈಯಲ್ಲಿದ್ದರೂ ಅವರು ನಮಗೆ ಸಹಜ ಶತ್ರು, ಆ ಜಾಗ ನ್ಯೂ ಓರ್ಲಿಯನ್ಸ್. ಫ್ರಾನ್ಸ್ ಅಲ್ಲಿಗೆ ಕಾಲಿಟ್ಟ ದಿನ ನಾವು ಬ್ರಿಟಿಷ್ ನೌಕಾಪಡೆಯನ್ನೇ ಮದುವೆಯಾಗಬೇಕಾದೀತು. ಬ್ರಿಟನ್ನನ್ನು ಕಂಡರಾಗದ, ಫ್ರಾನ್ಸಿನ ಮೇಲೆ ಜೀವವಿದ್ದ ಮನುಷ್ಯ ಬರೆದ ಸಾಲು ಇದು.

ಅಷ್ಟಾದರೂ ಅಮೆರಿಕ ಕೇಳಲು ಹೊರಟದ್ದು ಒಂದು ಊರನ್ನು, ಸಾಧ್ಯವಾದರೆ ಪಕ್ಕದ ಫ್ಲಾರಿಡಾವನ್ನು. 1803ರ ಆರಂಭದಲ್ಲಿ ಜೇಮ್ಸ್ ಮನ್ರೋನನ್ನು ವಿಶೇಷ ದೂತನಾಗಿ ಪ್ಯಾರಿಸಿಗೆ ಕಳಿಸಿದರು.

ಮಾರುವವನ ಅವಸರ

ನೆಪೋಲಿಯನ್ನನ ಲೆಕ್ಕದಲ್ಲಿ ಲೂಯಿಸಿಯಾನಾ ಒಂದು ಉಗ್ರಾಣ, ಅಂಗಡಿ ಇದ್ದದ್ದು ಸ್ಯಾನ್-ಡೊಮಿಂಗ್‌ನಲ್ಲಿ, ಇಂದಿನ ಹೈಟಿಯಲ್ಲಿ. ಸಕ್ಕರೆ ಬೆಳೆಯುವ ಆ ದ್ವೀಪಕ್ಕೆ ಬೇಕಾದ ದವಸ, ಮರಮಟ್ಟು ಲೂಯಿಸಿಯಾನಾದಿಂದ ಬರಬೇಕಿತ್ತು. ಆದರೆ ದ್ವೀಪದ ಗುಲಾಮರು 1791ರಲ್ಲೇ ದಂಗೆಯೆದ್ದು ತಮ್ಮನ್ನು ತಾವೇ ಬಿಡಿಸಿಕೊಂಡಿದ್ದರು. ಅವರನ್ನು ಬಗ್ಗುಬಡಿಯಲು ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೆರ್‌ನನ್ನು ದೊಡ್ಡ ಸೈನ್ಯದೊಡನೆ ಕಳಿಸಿದ. ದಂಗೆಯ ನಾಯಕ ತೂಸಾಂ ಲೂವರ್ತೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಒಯ್ದದ್ದಾಯಿತು, ಯುದ್ಧ ಮಾತ್ರ ನಿಲ್ಲಲಿಲ್ಲ. ಸೈನ್ಯದ ಬಹುಪಾಲನ್ನು ಹೋರಾಟಗಾರರು ಮತ್ತು ಹಳದಿ ಜ್ವರ ಸೇರಿ ಮುಗಿಸಿದರು. 1802ರ ನವೆಂಬರಿನಲ್ಲಿ ಲೆಕ್ಲೆರ್ ಕೂಡ ಜ್ವರಕ್ಕೆ ಬಲಿಯಾದ. ಅಂಗಡಿಯೇ ಮುಚ್ಚಿದ ಮೇಲೆ ಉಗ್ರಾಣ ಇಟ್ಟುಕೊಂಡು ಏನು ಮಾಡುವುದು? ಬ್ರಿಟನ್ನಿನ ಜೊತೆ ಮತ್ತೆ ಯುದ್ಧ ಬಾಗಿಲಲ್ಲಿತ್ತು, ಅದಕ್ಕೆ ಹಣ ಬೇಕಿತ್ತು.

ಅಮೆರಿಕದ ಗಡಿ ಇಮ್ಮಡಿಯಾದದ್ದಕ್ಕೆ ಹೈಟಿಯ ಕಪ್ಪು ಜನರಿಗೆ ಸಲ್ಲಬೇಕಾದ ಪಾಲು ದೊಡ್ಡದು. ಅದನ್ನು ಒಪ್ಪಿಕೊಳ್ಳುವುದು ಹಾಗಿರಲಿ, 1804ರಲ್ಲಿ ಸ್ವತಂತ್ರವಾದ ಹೈಟಿಗೆ ಅಮೆರಿಕ ಮಾನ್ಯತೆ ಕೊಟ್ಟದ್ದೇ 1862ರಲ್ಲಿ.

1803ರ ಏಪ್ರಿಲ್ 11ರಂದು ಫ್ರೆಂಚ್ ವಿದೇಶಾಂಗ ಮಂತ್ರಿ ತಾಲೆರಾಂ, ಒಂದು ಊರಿಗಾಗಿ ತಿಂಗಳುಗಟ್ಟಲೆ ಗೋಗರೆಯುತ್ತಿದ್ದ ಲಿವಿಂಗ್‌ಸ್ಟನ್‌ನನ್ನು ಕೇಳಿದ: ಲೂಯಿಸಿಯಾನಾ ಪೂರ್ತಿ ಬೇಕೇ? ಮರುದಿನವೇ ಮನ್ರೋ ಪ್ಯಾರಿಸ್ ತಲುಪಿದ. ಫ್ರಾನ್ಸಿನ ಪರ ಖಜಾನೆ ಮಂತ್ರಿ ಬಾರ್ಬೆ-ಮಾರ್ಬ್ವಾ ಕೂತು ಚೌಕಾಸಿ ನಡೆಸಿದ. ಒಪ್ಪಂದದ ತಾರೀಖು ಏಪ್ರಿಲ್ 30. ಬೆಲೆ ಆರು ಕೋಟಿ ಫ್ರಾಂಕ್, ಜೊತೆಗೆ ಅಮೆರಿಕದ ಪ್ರಜೆಗಳಿಗೆ ಫ್ರಾನ್ಸ್ ಕೊಡಬೇಕಿದ್ದ ಎರಡು ಕೋಟಿ ಫ್ರಾಂಕ್ ಬಾಕಿಯನ್ನು ಅಮೆರಿಕವೇ ತೀರಿಸಬೇಕು. ಕೈಯಲ್ಲಿ ಅಷ್ಟು ಹಣವಿಲ್ಲ, ಹಾಗಾಗಿ ಶೇಕಡಾ 6 ಬಡ್ಡಿಯ ಸಾಲಪತ್ರಗಳು. ಅವನ್ನು ಕೊಂಡು ಫ್ರಾನ್ಸಿಗೆ ನಗದು ಕೊಟ್ಟವರು ಲಂಡನ್ನಿನ ಬೇರಿಂಗ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಹೋಪ್ ಎಂಬ ಲೇವಾದೇವಿ ಮನೆತನಗಳು. ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧಕ್ಕೆ ಬಿದ್ದವು. ಬ್ರಿಟಿಷ್ ಬ್ಯಾಂಕಿನ ಹಣ ಬ್ರಿಟನ್ನಿನ ಶತ್ರುವಿನ ಬೊಕ್ಕಸಕ್ಕೆ. ದುಡ್ಡಿಗೆ ದೇಶವಿಲ್ಲ.

ಇನ್ನು ಕಾಗದಪತ್ರದ ವಿಚಾರ. ಬೇರೆ ಯಾರಿಗೂ ಕೊಡುವುದಿಲ್ಲವೆಂದು ಸ್ಪೇನಿಗೆ ಮಾತು ಕೊಟ್ಟು ಪಡೆದ ನೆಲವನ್ನು ನೆಪೋಲಿಯನ್ ಮಾರಿದ್ದ. ಸ್ಪೇನಿನ ರಾಯಭಾರಿ ಇದನ್ನು ಆಕ್ಷೇಪಿಸಿ ವಾಷಿಂಗ್ಟನ್ನಿಗೆ ಪತ್ರ ಬರೆದ. ಕ್ರಯವಾದ ದಿನ ಫ್ರಾನ್ಸಿನ ಬಳಿ ಸ್ವಾಧೀನವೂ ಇರಲಿಲ್ಲ, ನ್ಯೂ ಓರ್ಲಿಯನ್ಸಿನಲ್ಲಿ ಇನ್ನೂ ಸ್ಪ್ಯಾನಿಷ್ ಬಾವುಟ ಹಾರುತ್ತಿತ್ತು. ಚಕ್ಕುಬಂದಿ ಕೇಳಿದ್ದಕ್ಕೆ ತಾಲೆರಾಂ ಕೊಟ್ಟ ಉತ್ತರ ಪ್ರಸಿದ್ಧ: ನೀವು ಒಳ್ಳೆಯ ವ್ಯಾಪಾರ ಕುದುರಿಸಿಕೊಂಡಿದ್ದೀರಿ, ಅದರಿಂದ ಆದಷ್ಟು ಗಿಟ್ಟಿಸಿಕೊಳ್ಳುತ್ತೀರಿ ಎಂದು ನನ್ನ ಎಣಿಕೆ. ಉತ್ತರದ ಗಡಿ ಬ್ರಿಟನ್ನಿನೊಡನೆ 1818ರಲ್ಲಿ, ಪಶ್ಚಿಮದ್ದು ಸ್ಪೇನಿನೊಡನೆ 1819ರಲ್ಲಿ ತೀರ್ಮಾನವಾಯಿತು.

ಬೈಲಾದಲ್ಲಿ ಇಲ್ಲದ ಸಾಲು

ಸುದ್ದಿ ಜುಲೈ 3ರ ಸಂಜೆ ವಾಷಿಂಗ್ಟನ್ ಮುಟ್ಟಿತು, ಮರುದಿನ ಸ್ವಾತಂತ್ರ್ಯೋತ್ಸವ. ಊರೆಲ್ಲ ಸಂಭ್ರಮದಲ್ಲಿದ್ದಾಗ ಅಧ್ಯಕ್ಷನಿಗೆ ಒಳಗೊಳಗೇ ಮುಜುಗರ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನದಲ್ಲಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಇದೆ. ಹೊಸ ರಾಜ್ಯಗಳನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಅಧಿಕಾರ, ಒಕ್ಕೂಟದ ಒಡೆತನದ ಪ್ರದೇಶಕ್ಕೆ ಕಾಂಗ್ರೆಸ್ ನಿಯಮ ಮಾಡುವ ಅಧಿಕಾರ ನಾಲ್ಕನೆಯ ವಿಧಿಯಲ್ಲಿದೆ. ಹೊರದೇಶದ ನೆಲವನ್ನು ಹಣ ಕೊಟ್ಟು ಕೊಳ್ಳಬಹುದು, ಅದರ ಜನರನ್ನು ಒಕ್ಕೂಟಕ್ಕೆ ಸೇರಿಸಬಹುದು ಎಂಬ ಸಾಲು ಎಲ್ಲೂ ಇಲ್ಲ. ಬೇರೆ ಯಾರೇ ಅಧ್ಯಕ್ಷರಾಗಿದ್ದರೂ ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಜೆಫರ್ಸನ್ನನ ರಾಜಕೀಯವೇ 'ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ' ಎಂಬುದರ ಮೇಲೆ ನಿಂತಿತ್ತು. 1791ರಲ್ಲಿ ರಾಷ್ಟ್ರೀಯ ಬ್ಯಾಂಕನ್ನು ಆತ ವಿರೋಧಿಸಿದ್ದು ಇದೇ ವಾದದಿಂದ. ಕಾಂಗ್ರೆಸ್ಸಿನ ಅಧಿಕಾರದ ಸುತ್ತ ಎಳೆದ ಗೆರೆಯಾಚೆ ಒಂದು ಹೆಜ್ಜೆ ಇಟ್ಟರೂ ಮುಂದೆ ಕೊನೆಯಿಲ್ಲದ ಬಯಲು ಎಂದಿದ್ದ. ಬ್ಯಾಂಕಿಗೆ ಬೇಡವಾದ 'ಬರೆಯದ ಅಧಿಕಾರ'ದ ವಾದ ದೇಶವನ್ನೇ ಇಮ್ಮಡಿ ಮಾಡುವ ಖರೀದಿಗೆ ಹೇಗೆ ಸಲ್ಲುತ್ತದೆ?

ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಜನವರಿಯಲ್ಲೇ ಉತ್ತರ ಕೊಟ್ಟಿದ್ದ. ರಾಷ್ಟ್ರವೆಂದ ಮೇಲೆ ನೆಲ ಗಳಿಸುವ ಹಕ್ಕು ಅದಕ್ಕೆ ಸಹಜವಾಗಿಯೇ ಇರುತ್ತದೆ, ಒಪ್ಪಂದದ ಅಧಿಕಾರ ಇರುವವರು ಅದನ್ನು ಒಪ್ಪಂದದ ಮೂಲಕ ಚಲಾಯಿಸಬಹುದು. ನಮ್ಮಲ್ಲಿ 1960ರ ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಪರದೇಶದ ನೆಲ ಗಳಿಸುವುದು ಸಾರ್ವಭೌಮ ರಾಷ್ಟ್ರದ ಸಹಜ ಹಕ್ಕು, ಸಂವಿಧಾನದ 1ನೆಯ ವಿಧಿ ಕೊಟ್ಟ ವರವಲ್ಲ. ಬಿಟ್ಟುಕೊಡುವುದಕ್ಕೆ ಮಾತ್ರ ತಿದ್ದುಪಡಿ ಬೇಕೆಂದಿತು. ಜೆಫರ್ಸನ್ನನಿಗೆ ಗ್ಯಾಲಟಿನ್ ಮಾತು ಪೂರ್ತಿ ಒಗ್ಗಲಿಲ್ಲ. ಆ ಬೇಸಿಗೆಯಲ್ಲಿ ಎರಡು ಕರಡು ತಿದ್ದುಪಡಿಗಳನ್ನು ಬರೆದ.

ಎರಡನೆಯದು ಚಿಕ್ಕದು, ಅದನ್ನು ಹತ್ತಿರದಿಂದ ಓದಬೇಕು. ಫ್ರಾನ್ಸ್ ಬಿಟ್ಟುಕೊಟ್ಟ ಲೂಯಿಸಿಯಾನಾ ಸಂಯುಕ್ತ ಸಂಸ್ಥಾನದ ಭಾಗ ಎಂದು ಮೊದಲ ಸಾಲು. ಅಲ್ಲಿನ ಬಿಳಿಯ ನಿವಾಸಿಗಳು ಪ್ರಜೆಗಳಾಗುತ್ತಾರೆ ಎಂದು ಮುಂದಿನದು. 'ಬಿಳಿಯ' ಎಂಬ ಪದ ಒಪ್ಪಂದದಲ್ಲಿ ಇಲ್ಲ. ಅದರ ಮೂರನೆಯ ಕಲಮು ಬರೀ 'ನಿವಾಸಿಗಳು' ಎನ್ನುತ್ತದೆ. ನ್ಯೂ ಓರ್ಲಿಯನ್ಸಿನಲ್ಲಿ ಗುಲಾಮರಲ್ಲದ, ಸ್ವಂತ ಆಸ್ತಿಯಿದ್ದ, ನಗರದ ಪಡೆಯಲ್ಲಿ ಸೇವೆ ಮಾಡಿದ ಕಪ್ಪು ಮತ್ತು ಮಿಶ್ರ ಜನಾಂಗದವರು ಬಹಳ ಮಂದಿ ಇದ್ದರು. ಕರಡಿನ ಒಂದೇ ವಿಶೇಷಣ ಅವರನ್ನೆಲ್ಲ ಹೊರಗಿಡುತ್ತಿತ್ತು. ಮೂರನೆಯ ಭಾಗ ಇನ್ನೂ ವಿಚಿತ್ರ. ಅರ್ಕಾನ್ಸಾ ನದಿ ಮಿಸಿಸಿಪ್ಪಿಗೆ ಸೇರುವ ಜಾಗದಿಂದ ಪಶ್ಚಿಮಕ್ಕೆ ಒಂದು ಗೆರೆ; ಅದರ ಉತ್ತರಕ್ಕೆ ಮತ್ತೊಂದು ತಿದ್ದುಪಡಿ ಆಗುವವರೆಗೆ ಹೊಸ ರಾಜ್ಯವಿಲ್ಲ, ಭೂಮಂಜೂರಾತಿ ಇಲ್ಲ. ಮಿಸಿಸಿಪ್ಪಿಯ ಈಚೆ ದಂಡೆಯ ಮೂಲನಿವಾಸಿಗಳು ತಮ್ಮ ನೆಲ ಬಿಟ್ಟುಕೊಟ್ಟರೆ ಬದಲಿಗೆ ಆಚೆ ಕೊಡಲು ಮಾತ್ರ ಆ ಭೂಮಿ. ಮುಂದೆ ಮೂಲನಿವಾಸಿಗಳನ್ನು ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿ 'ಕಣ್ಣೀರಿನ ಹಾದಿ' ಎನಿಸಿಕೊಂಡ ಗಡೀಪಾರಿನ ಯೋಚನೆ, ಸಂವಿಧಾನದ ಭಾಷೆಯಲ್ಲಿ, ಇಲ್ಲೇ ಇದೆ.

ಈ ಕರಡು ಪಾಸಾಗಿದ್ದರೆ ಸೇಂಟ್ ಲೂಯಿಸ್ ಇರುವ ಮಿಸೌರಿ ಇನ್ನೊಂದು ತಿದ್ದುಪಡಿ ಇಲ್ಲದೆ ರಾಜ್ಯವಾಗಲು ಆಗುತ್ತಿರಲಿಲ್ಲ. ಮಿಸೌರಿಯನ್ನು ಗುಲಾಮಿ ರಾಜ್ಯವಾಗಿ ಸೇರಿಸಬೇಕೇ ಎಂಬ 1820ರ ಜಗಳ ಆ ರೂಪದಲ್ಲಿ ನಡೆಯುತ್ತಿರಲಿಲ್ಲ. ಜೆಫರ್ಸನ್ನನ ಹಿಂಜರಿಕೆಯನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವವರು ಈ ಗೆರೆಯನ್ನು ಒಮ್ಮೆ ನೋಡಲಿ.

ಆಗಸ್ಟ್ 12ರಂದು ಆತ ಕೆಂಟಕಿಯ ಸೆನೆಟರ್ ಜಾನ್ ಬ್ರೆಕಿನ್‌ರಿಜ್‌ಗೆ ಬರೆದ: ನಾವು ಮಾಡಿದ್ದು ಸಂವಿಧಾನವನ್ನು ಮೀರಿದ ಕೆಲಸ. ಪಾಲಕನೊಬ್ಬ ಅಪ್ರಾಪ್ತ ಮಗುವಿನ ಹಣದಲ್ಲಿ ಪಕ್ಕದ ಒಳ್ಳೆಯ ಜಮೀನು ಕೊಂಡು, ಮಗು ಪ್ರಾಯಕ್ಕೆ ಬಂದಾಗ 'ನಿನ್ನ ಒಳಿತಿಗೇ ಮಾಡಿದೆ, ಬೇಡವೆಂದರೆ ತಳ್ಳಿಹಾಕು' ಎಂದಂತೆ. ಇಲ್ಲಿ ಮಗು ಅಂದರೆ ಅಮೆರಿಕದ ಜನತೆ, ಪಾಲಕ ತಾನು. ಹೋಲಿಕೆಯಲ್ಲಿ ವಿನಯ ಇದೆ, ತಪ್ಪೊಪ್ಪಿಗೆಯೂ ಇದೆ. ಈ ಮಗುವನ್ನು ನೆನಪಿಟ್ಟುಕೊಳ್ಳಿ.

ಗಡುವು

ಒಪ್ಪಂದಕ್ಕೆ ಆರು ತಿಂಗಳ ಗಡುವಿತ್ತು, ಅಕ್ಟೋಬರ್ 30. ಅಷ್ಟರೊಳಗೆ ಎರಡೂ ದೇಶಗಳ ಅನುಮೋದನೆ ವಿನಿಮಯವಾಗಬೇಕು. ತಿದ್ದುಪಡಿಗೆ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಆಮೇಲೆ ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಬೇಕು. ಕುದುರೆಯ ಮೇಲೆ ಟಪಾಲು ಹೋಗುವ ಕಾಲ. ಆಗಸ್ಟ್ ಮಧ್ಯದಲ್ಲಿ ಪ್ಯಾರಿಸಿನಿಂದ ಲಿವಿಂಗ್‌ಸ್ಟನ್ ಪತ್ರ ಬಂತು: ನೆಪೋಲಿಯನ್ ಮನಸ್ಸು ಬದಲಾಯಿಸುವ ಸೂಚನೆ ಇದೆ, ತಡಮಾಡಬೇಡಿ. ಆಗಸ್ಟ್ 18ರಂದು ಜೆಫರ್ಸನ್ ಬ್ರೆಕಿನ್‌ರಿಜ್‌ಗೆ ಮತ್ತೆ ಬರೆದ, ಹಿಂದಿನ ಪತ್ರದ ಮಾತು ಯಾರಿಗೂ ಗೊತ್ತಾಗುವುದು ಬೇಡ ಎಂದು.

ಸೆಪ್ಟೆಂಬರ್ 7ರಂದು ವರ್ಜೀನಿಯಾದ ಸೆನೆಟರ್ ವಿಲ್ಸನ್ ಕ್ಯಾರಿ ನಿಕೊಲಸ್‌ಗೆ ಬರೆದ ಪತ್ರದಲ್ಲಿ ಇಬ್ಬಂದಿ ಪೂರ್ತಿ ಕಾಣುತ್ತದೆ. ಲಿಖಿತ ಸಂವಿಧಾನವೇ ನಮ್ಮ ರಕ್ಷೆ, ವ್ಯಾಖ್ಯಾನ ಮಾಡಿ ಮಾಡಿ ಅದನ್ನು ಖಾಲಿ ಹಾಳೆ ಮಾಡುವುದು ಬೇಡ ಎನ್ನುತ್ತಾನೆ. ಅದೇ ಪತ್ರದ ಕೊನೆಗೆ, ಗೆಳೆಯರು ಬೇರೆ ರೀತಿ ಯೋಚಿಸಿದರೆ ತಾನು ಸಮಾಧಾನದಿಂದ ಒಪ್ಪಿಕೊಳ್ಳುತ್ತೇನೆ, ವ್ಯಾಖ್ಯಾನ ಕೆಟ್ಟ ಫಲ ಕೊಟ್ಟಾಗ ದೇಶದ ವಿವೇಕ ಅದನ್ನು ಸರಿಪಡಿಸೀತು ಎನ್ನುತ್ತಾನೆ. ಕರಡು ಖಾನೆಯೊಳಗೇ ಉಳಿಯಿತು.

ಅಕ್ಟೋಬರ್ 17ರಂದು ಕಾಂಗ್ರೆಸ್ ಸೇರಿತು. 20ರಂದು ಸೆನೆಟ್ 24–7 ಮತಗಳಿಂದ ಒಪ್ಪಂದವನ್ನು ಅನುಮೋದಿಸಿತು. ಈ ಚರ್ಚೆಯ ತಮಾಷೆಯೆಂದರೆ ಎರಡೂ ಪಕ್ಷಗಳು ಅಂಗಿ ಬದಲಾಯಿಸಿಕೊಂಡಿದ್ದವು. ಬ್ಯಾಂಕಿನ ಕಾಲದಲ್ಲಿ ಸಂವಿಧಾನವನ್ನು ಎಳೆದಷ್ಟೂ ಹಿಗ್ಗುತ್ತದೆ ಎಂದಿದ್ದ ವಿರೋಧಪಕ್ಷದ ಫೆಡರಲಿಸ್ಟರು ಈಗ ಅಕ್ಷರ ಹಿಡಿದು ಕೂತರು. ಅಕ್ಷರವಾದಿಗಳಾಗಿದ್ದ, ಜೆಫರ್ಸನ್ನನ ಪಕ್ಷದ ರಿಪಬ್ಲಿಕನ್ನರು ಸಹಜ ಅಧಿಕಾರದ ಮಾತಾಡಿದರು. ಮ್ಯಾಸಚೂಸೆಟ್ಸಿನ ಟಿಮೊತಿ ಪಿಕರಿಂಗ್, ಪಾಲುದಾರಿಕೆ ಅಂಗಡಿಗೆ ಹೊಸ ಪಾಲುದಾರನನ್ನು ಸೇರಿಸಲು ಹಳೆಯ ಪ್ರತಿಯೊಬ್ಬ ಪಾಲುದಾರನ ಒಪ್ಪಿಗೆ ಬೇಕು, ಹಾಗೆಯೇ ಇಲ್ಲಿ ಪ್ರತಿ ರಾಜ್ಯದ್ದೂ ಬೇಕು ಎಂದು ವಾದಿಸಿದ. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ಈಶಾನ್ಯ ರಾಜ್ಯಗಳ ಭಯ ಸರಳವಾಗಿತ್ತು: ಪಶ್ಚಿಮ ಬೆಳೆದಷ್ಟೂ ತಮ್ಮ ತೂಕ ಇಳಿಯುತ್ತದೆ.

ಎರಡೂ ಗುಂಪಿಗೆ ಹೊಂದದ ಒಬ್ಬ ಮನುಷ್ಯ ಅಲ್ಲಿದ್ದ. ಫೆಡರಲಿಸ್ಟ್ ಸೆನೆಟರ್ ಜಾನ್ ಕ್ವಿನ್ಸಿ ಆಡಮ್ಸ್ ಖರೀದಿ ಒಳ್ಳೆಯದೇ ಎಂದ, ಅದಕ್ಕೆ ಬೇಕಾದ ಹಣಕ್ಕೂ ಮತ ಹಾಕಿದ. ತಿದ್ದುಪಡಿಯೂ ಬೇಕೆಂದು ಸೂಚನೆ ಮಂಡಿಸಿದ. ಬೆಂಬಲ ಸಿಗಲಿಲ್ಲ. ಅಧ್ಯಕ್ಷನೇ ಬರೆದಿಟ್ಟಿದ್ದ ತಿದ್ದುಪಡಿಯನ್ನು ಎದುರುಪಕ್ಷದ ಸೆನೆಟರ್ ಕೇಳಿದ, ಅಧ್ಯಕ್ಷನ ಪಕ್ಷದವರು ಬೇಡವೆಂದರು!

ಮಗು ಬದಲಾಯಿತು

1803ರ ಡಿಸೆಂಬರ್ 20, ನ್ಯೂ ಓರ್ಲಿಯನ್ಸಿನ ಪರೇಡ್ ಮೈದಾನ. ಇಪ್ಪತ್ತು ದಿನದ ಹಿಂದಷ್ಟೇ ಸ್ಪೇನ್ ಊರನ್ನು ಫ್ರೆಂಚ್ ಪ್ರತಿನಿಧಿ ಲೊಸ್ಸಾನ ಕೈಗೆ ಒಪ್ಪಿಸಿತ್ತು. ಈಗ ಕಬಿಲ್ಡೊ ಕಟ್ಟಡದಲ್ಲಿ ಆತ ಬೀಗದ ಕೈಗಳನ್ನು ಅಮೆರಿಕದ ವಿಲಿಯಂ ಕ್ಲೇಬೋರ್ನ್‌ಗೆ ಕೊಟ್ಟ. ಹೊರಗೆ ಫ್ರೆಂಚ್ ಬಾವುಟ ಕೆಳಗಿಳಿಯುತ್ತ, ಅಮೆರಿಕದ್ದು ಮೇಲೇರುತ್ತ, ಅರ್ಧ ಕಂಬದಲ್ಲಿ ಎರಡೂ ಒಂದು ಗಳಿಗೆ ನಿಂತವು, ತೋಪು ಹಾರಿದವು.

ಕ್ಲೇಬೋರ್ನ್ ಇನ್ನೂ ಮೂವತ್ತು ದಾಟದ ಯುವಕ, ಫ್ರೆಂಚ್ ಬಾರದು, ಸ್ಪ್ಯಾನಿಷ್ ಬಾರದು. ಆದರೆ ಅಕ್ಟೋಬರ್ 31ರ ಕಾನೂನು ಹಿಂದಿನ ಸರಕಾರದ ಸೈನಿಕ, ನಾಗರಿಕ, ನ್ಯಾಯಾಂಗ ಅಧಿಕಾರಗಳನ್ನೆಲ್ಲ ಅಧ್ಯಕ್ಷ ಸೂಚಿಸಿದವರ ಕೈಗಿಟ್ಟಿತ್ತು. ಅಂದರೆ ಸ್ಪೇನಿನ ದೊರೆಯ ಗವರ್ನರ್ ಕೂತ ಕುರ್ಚಿಯಲ್ಲಿ ಅಷ್ಟೇ ಅಧಿಕಾರದೊಂದಿಗೆ ಗಣರಾಜ್ಯದ ಗವರ್ನರ್. 1804ರ ಮಾರ್ಚ್ 26ರ ಕಾನೂನು ನೆಲವನ್ನು 33ನೆಯ ಅಕ್ಷಾಂಶದಲ್ಲಿ ಎರಡಾಗಿ ಸೀಳಿತು. ದಕ್ಷಿಣದ ಓರ್ಲಿಯನ್ಸ್ ಪ್ರಾಂತ್ಯಕ್ಕೆ ಗವರ್ನರ್ ಜೊತೆ ಹದಿಮೂರು ಜನರ ಶಾಸನ ಮಂಡಳಿ, ಹದಿಮೂರೂ ಅಧ್ಯಕ್ಷನ ನೇಮಕ. ಚುನಾವಣೆ ಇಲ್ಲ. ಉತ್ತರದ ಭಾಗವನ್ನು ಇಂಡಿಯಾನಾದ ಗವರ್ನರನ ಕೈಗೆ ಕೊಟ್ಟರು.

ತೆರಿಗೆ ಹಾಕುವವರನ್ನು ಆರಿಸುವ ಹಕ್ಕಿಗಾಗಿ ಬ್ರಿಟನ್ನಿನ ಮೇಲೆ ಯುದ್ಧ ಮಾಡಿದ್ದ ದೇಶ ಇದು, ಆ ಯುದ್ಧದ ಘೋಷಣಾಪತ್ರ ಬರೆದವನೇ ಈಗ ಅಧ್ಯಕ್ಷ. 1803ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ರಾಜಕಾರಣಿ ಡೆವಿಟ್ ಕ್ಲಿಂಟನ್‌ಗೆ ಬರೆದ ಪತ್ರದಲ್ಲಿ ಆತ ಹೇಳಿದ್ದು: ನಮ್ಮ ಹೊಸ ಸಹಪ್ರಜೆಗಳು ಸ್ವಯಮಾಡಳಿತಕ್ಕೆ ಮಕ್ಕಳಷ್ಟೇ ಅಸಮರ್ಥರು. ಆಗಸ್ಟಿನಲ್ಲಿ ಮಗು ಅಂದರೆ ಅಮೆರಿಕದ ಮತದಾರ, ನಾಳೆ ಪ್ರಾಯಕ್ಕೆ ಬಂದು ಪಾಲಕನ ಲೆಕ್ಕ ಕೇಳುವ ಹಕ್ಕುದಾರ. ಡಿಸೆಂಬರಿನಲ್ಲಿ ಮಗು ಅಂದರೆ ಲೂಯಿಸಿಯಾನಾದವನು, ಸುಮ್ಮನೆ ಹೇಳಿದ್ದು ಕೇಳಬೇಕಾದವನು. ಕೊಳ್ಳುವ ಅಧಿಕಾರ ತನಗಿದೆಯೇ ಎಂದು ಬೇಸಿಗೆಯಿಡೀ ನಿದ್ದೆಗೆಟ್ಟವನು, ಕೊಂಡವರನ್ನು ಅವರ ಒಪ್ಪಿಗೆ ಇಲ್ಲದೆ ಆಳುವ ಅಧಿಕಾರ ಇದೆಯೇ ಎಂದು ಒಂದು ಕರಡನ್ನೂ ಬರೆಯಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇರುವುದು ಇಲ್ಲೇ. ಗಂಟನ್ನು ಆಗಲೇ ಗುರುತಿಸಿದವನು ಆಡಮ್ಸ್. ಜನರ ಒಪ್ಪಿಗೆ ಪಡೆಯದ ಆಡಳಿತ ಕಾನೂನುಗಳ ವಿರುದ್ಧ ಹೆಚ್ಚುಕಡಿಮೆ ಒಂಟಿಯಾಗಿ ಮತ ಹಾಕಿದ.

ಲೂಯಿಸಿಯಾನಾದವರು ಸುಮ್ಮನಿರಲಿಲ್ಲ. 1804ರಲ್ಲಿ ಅವರ ಮೂವರು ಪ್ರತಿನಿಧಿಗಳು ಅಹವಾಲು ಹಿಡಿದು ವಾಷಿಂಗ್ಟನ್ನಿಗೆ ಹೋದರು. ಅದನ್ನು ಬರೆಯುವುದರಲ್ಲಿ ಮುಖ್ಯ ಕೈ ಎಡ್ವರ್ಡ್ ಲಿವಿಂಗ್‌ಸ್ಟನ್‌ನದು, ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ರಾಬರ್ಟನ ತಮ್ಮ! ಅಟ್ಲಾಂಟಿಕ್ ದಂಡೆಯಲ್ಲಿ ಸ್ವಯಂಸಿದ್ಧವಾದ ರಾಜಕೀಯ ಸತ್ಯಗಳು ಮಿಸಿಸಿಪ್ಪಿ ದಂಡೆಗೆ ಬಂದೊಡನೆ ಬಿಡಿಸಲಾಗದ ಲೆಕ್ಕಗಳಾಗುತ್ತವೆಯೇ ಎಂದು ಅಹವಾಲು ಕೇಳಿತು. ಜೆಫರ್ಸನ್ನನಿಗೆ ಅವನದೇ ಕೋಲಿನ ಪೆಟ್ಟು. ಅದೇ ಅಹವಾಲಿನ ಇನ್ನೊಂದು ಬೇಡಿಕೆ, ಹೊಸ ಕಾನೂನು ನಿಲ್ಲಿಸಿದ್ದ ಗುಲಾಮರ ಆಮದನ್ನು ಮತ್ತೆ ತೆರೆಯಬೇಕು ಎಂಬುದು. ಸ್ವಾತಂತ್ರ್ಯದ ಮಾತು, ಗುಲಾಮರ ಲೆಕ್ಕ, ಎರಡೂ ಒಂದೇ ಹಾಳೆಯ ಮೇಲೆ.

1805ರಲ್ಲಿ ಓರ್ಲಿಯನ್ಸ್ ಪ್ರಾಂತ್ಯಕ್ಕೆ ಚುನಾಯಿತ ಸಭೆ ಸಿಕ್ಕಿತು. 1811ರಲ್ಲಿ ರಾಜ್ಯದ ಸ್ಥಾನ ಕೊಡುವ ಮಸೂದೆ ಬಂದಾಗ ಮ್ಯಾಸಚೂಸೆಟ್ಸಿನ ಜೊಸಾಯಾ ಕ್ವಿನ್ಸಿ, ಇದು ಪಾಸಾದರೆ ಒಕ್ಕೂಟದ ಕಟ್ಟುಗಳು ಕಳಚಿದಂತೆಯೇ ಎಂದು ಪ್ರತಿನಿಧಿ ಸಭೆಯಲ್ಲಿ ಗುಡುಗಿದ. ಮಸೂದೆ ಪಾಸಾಯಿತು. 1812ರ ಏಪ್ರಿಲ್ 30ರಂದು, ಒಪ್ಪಂದದ ತಾರೀಖಿಗೆ ಸರಿಯಾಗಿ ಒಂಬತ್ತು ವರ್ಷಕ್ಕೆ, ಆ ಪ್ರಾಂತ್ಯ ಲೂಯಿಸಿಯಾನಾ ಎಂಬ ಹೆಸರಲ್ಲಿ ಹದಿನೆಂಟನೆಯ ರಾಜ್ಯವಾಯಿತು.

ನೆಲದ ನಿಜವಾದ ಒಡೆಯರ ಮಾತು ಈ ಕಾಗದಗಳಲ್ಲಿ ಕಡಿಮೆ. ಓಸೇಜ್, ಕ್ವಾಪಾ, ಕ್ಯಾಡೊ, ಸೂ ಮುಂತಾದ ಜನಾಂಗಗಳು ಬಾಳುತ್ತಿದ್ದ ಬಯಲಿನ ಬಹುಭಾಗದಲ್ಲಿ ಸ್ಪೇನಿಗಾಗಲಿ ಫ್ರಾನ್ಸಿಗಾಗಲಿ ನೆಲೆಯೇ ಇರಲಿಲ್ಲ. ನೆಪೋಲಿಯನ್ ಮಾರಿದ್ದು, ಬೇರೆ ಯೂರೋಪಿಯನ್ನರು ಬರದಂತೆ ತಡೆದು ಆ ಜನಾಂಗಗಳಿಂದ ನೆಲ ಪಡೆಯುವ ಮೊದಲ ಹಕ್ಕನ್ನಷ್ಟೇ. ನೆಲ ಬಂದದ್ದು ಆಮೇಲೆ, ಒಂದೊಂದು ಜನಾಂಗದೊಡನೆ ಒಂದೊಂದು ಒಪ್ಪಂದದಲ್ಲಿ, ಎಷ್ಟೋ ಕಡೆ ಬೆದರಿಕೆಯ ನೆರಳಲ್ಲಿ. ಎಕರೆಗೆ ಮೂರು ಸೆಂಟು ಎಂಬ ಲೆಕ್ಕದಲ್ಲಿ ಇದು ಸೇರಿಲ್ಲ.

ಕೊಳ್ಳುವ ಅಧಿಕಾರದ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1828ರಲ್ಲಿ. ಫ್ಲಾರಿಡಾ ಕರಾವಳಿಯಲ್ಲಿ ಒಡೆದ ಹಡಗಿನಿಂದ ಎತ್ತಿದ ಹತ್ತಿ ಮೂಟೆಗಳು ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಅದು, ವಿಮಾ ಕಂಪನಿಗೂ ಕ್ಯಾಂಟರ್ ಎಂಬವನಿಗೂ ನಡುವೆ. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಜೆಫರ್ಸನ್ನನ ದೂರದ ನೆಂಟ, ಹಳೆಯ ಎದುರಾಳಿ. ಯುದ್ಧ ಮಾಡುವ, ಒಪ್ಪಂದ ಮಾಡುವ ಅಧಿಕಾರವನ್ನು ಸಂವಿಧಾನ ಒಕ್ಕೂಟಕ್ಕೆ ಕೊಟ್ಟಿದೆ, ಆದ್ದರಿಂದ ಗೆದ್ದೋ ಒಪ್ಪಂದದಿಂದಲೋ ನೆಲ ಗಳಿಸುವ ಅಧಿಕಾರವೂ ಇದೆ ಎಂದು ಹೋಗುಹೋಗುತ್ತಾ ಒಂದೇ ವಾಕ್ಯದಲ್ಲಿ ಬರೆದು ಹತ್ತಿಯ ವಿಚಾರಕ್ಕೆ ಹೊರಳಿದರು. ಜೆಫರ್ಸನ್ ತೀರಿಕೊಂಡು ಆಗ ಸುಮಾರು ಎರಡು ವರ್ಷವಾಗಿತ್ತು.